ಕೆಂದನ ಕಡೆಗೆ ಎರಡು ಬೆರಳು

ಅಕ್ಕಿಆಲೂರಿನಲ್ಲಿ ಆಡೂರಿನ ಬಸ್ಸಿಗೆ ಕಾಯುವವರು ಫಾರೂಕನ ಅಂಗಡಿಯ ಮುಂದಿನ ಬೆಂಚುಗಳ ಮೇಲೆ ಕೂರುತ್ತಾರೆ. ಅವು ಮಾರುವುದಕ್ಕೆಂದು ಇಟ್ಟ ಬೆಂಚುಗಳು. ಆದರೆ ಊರವರೆಲ್ಲ ಕೂತು ಕೂತು ಅವಕ್ಕೆ ಬಂದಿರುವ ಹೊಳಪು ನೋಡಿದ ಮೇಲೆ ಹೊಸವೆಂದು ನಂಬಿ ಕೊಳ್ಳುವ ಗಿರಾಕಿ ಇನ್ನೂ ಹುಟ್ಟಿಲ್ಲ. ಫಾರೂಕ ಇದಕ್ಕೆ ತಲೆ ಕೆಡಿಸಿಕೊಂಡವನಲ್ಲ. ಬಾಗಿಲು, ಕಿಟಕಿ, ದೇವರ ಮಾಡ, ಮದುವೆಯ ಮಂಚ ಎಂದು ಅವನ ಕೈ ತುಂಬ ಕೆಲಸವಿರುತ್ತದೆ. ಪುಕ್ಕಟೆ ಕೂತವರು ಅದರ ಋಣಕ್ಕೆ ಸಲಹೆ ಕೊಡುತ್ತಾರೆ. ಅವನು ಕೇಳಿಸಿಕೊಳ್ಳುತ್ತಾನೆ. ಕೇಳಿಸಿಕೊಳ್ಳಲು ಮನಸ್ಸಿಲ್ಲದ ದಿನ ಮಷೀನು ಚಾಲೂ ಮಾಡುತ್ತಾನೆ.

ಆ ಮಷೀನಿನ ಹೆಸರು ಬೆಲ್ಟ್ ಸ್ಯಾಂಡರ್. ಊರಿನ ಬಾಯಲ್ಲಿ ಪಟ್ಟಾ ಮಷೀನು. ನೋಡಲು ದೊಡ್ಡದೊಂದು ಇಸ್ತ್ರಿಪೆಟ್ಟಿಗೆಯ ಹಾಗಿದೆ. ಅಡಿಯಲ್ಲಿ ಎರಡು ಉರುಳೆಗಳ ಸುತ್ತ ಉಪ್ಪುಕಾಗದದ ಪಟ್ಟಿಯೊಂದು ಕೊನೆಮೊದಲಿಲ್ಲದೆ ಓಡುತ್ತಿರುತ್ತದೆ. ಅದನ್ನು ಮಾಡಿದವರು ಮಾಡಿದ್ದು ಹಲಗೆ ನುಣುಪು ಮಾಡುವುದಕ್ಕೆ. ಹುಬ್ಬಳ್ಳಿಯ ಅಂಗಡಿಯವನು ಮಾರಿದ್ದೂ ಹಾಗೆ ಹೇಳಿಯೇ. ಫಾರೂಕ ಮಾತ್ರ ಅದರ ಮೂತಿಯನ್ನು ತುಸು ಎತ್ತಿ, ಮುಂದಿನ ಉರುಳೆಯೊಂದನ್ನೇ ಕಟ್ಟಿಗೆಗೆ ತಾಗಿಸಿ, ತಗ್ಗು ತೋಡುವುದನ್ನೂ ಉಬ್ಬು ಇಳಿಸುವುದನ್ನೂ ತಾನೇ ಕಲಿತುಕೊಂಡಿದ್ದ. ಒತ್ತಿದರೆ ಅದು ಕಟ್ಟಿಗೆಯನ್ನು ತಿಂದುಬಿಡುತ್ತದೆ, ಸಡಿಲ ಬಿಟ್ಟರೆ ಮುಂದಕ್ಕೆ ಓಡುತ್ತದೆ. ಅವನು ಅದನ್ನು ಹಿಡಿಯುವ ರೀತಿ, ತಪ್ಪಿಸಿಕೊಳ್ಳಲು ನೋಡುವ ಕೋಳಿಯನ್ನು ನೋವಾಗದ ಹಾಗೆ ಹಿಡಿದಂತೆ ಇರುತ್ತಿತ್ತು.

ಈ ಸಲದ ಮುಂಗಾರಿನಲ್ಲಿ ಒಂದು ದಿನ ಅವನು ಎತ್ತಿನ ನೊಗ ಮಾಡುತ್ತಿರುವುದು ಬೆಂಚಿನವರ ಕಣ್ಣಿಗೆ ಬಿತ್ತು. ಅದೇ ಒಂದು ಸುದ್ದಿ. ಟ್ರ್ಯಾಕ್ಟರುಗಳು ಓಣಿಗೆ ಎರಡರಂತೆ ನಿಂತಿರುವ ಕಾಲದಲ್ಲಿ ಹೊಸ ನೊಗ ಮಾಡಿಸುವವರು ಯಾರು? ಅದಕ್ಕಿಂತ ದೊಡ್ಡ ಸುದ್ದಿಯನ್ನು ಮಹಾಲಿಂಗಪ್ಪ ಕಂಡುಹಿಡಿದ. ಅವನು ಸರ್ವೇ ಇಲಾಖೆಯಲ್ಲಿ ಅಳತೆಯ ಸರಪಳಿ ಹಿಡಿದು ನಿವೃತ್ತನಾದವನು, ಯಾರ ಹೊಲದ ಬದು ಎಷ್ಟು ಸರಿದಿದೆ ಎಂಬುದನ್ನು ಇಂದಿಗೂ ನಡೆದೇ ಹೇಳಬಲ್ಲವನು. ಅವನು ಕನ್ನಡಕ ಏರಿಸಿ ಕಟ್ಟಿಗೆಯ ಮೇಲಿನ ಪೆನ್ಸಿಲ್ ಗೆರೆಗಳನ್ನು ನೋಡಿ, ಒಂದು ಎತ್ತಿನ ಕೊರಳಿನ ಜಾಗ ನಡುವಿನಿಂದ ದೂರ ಬಂದಿದೆ, ಇನ್ನೊಂದರದ್ದು ಹತ್ತಿರ ಇದೆ ಎಂದ. ಫಾರೂಕ ತಲೆ ಎತ್ತದೆ, “ಗೊತ್ತೈತ್ರಿ” ಎಂದು ಮಷೀನು ಚಾಲೂ ಮಾಡಿದ.

ಗೊತ್ತಿದ್ದೂ ತಪ್ಪು ಮಾಡುತ್ತಿದ್ದಾನೆ ಎಂದ ಮೇಲೆ ಬೆಂಚಿನವರಿಗೆ ಬಸ್ಸು ತಪ್ಪಿದರೂ ಅಡ್ಡಿಯಿಲ್ಲ ಎನ್ನಿಸಿತು. ಒಂದು ಎತ್ತಿಗೆ ಕೊರಳು ದಪ್ಪ ಇರಬೇಕು ಎಂದರು ಕೆಲವರು. ಯಾವುದೋ ಹೋಟೆಲಿನ ಗೋಡೆಗೆ ತೂಗುಹಾಕುವ ಶೋ ನೊಗ ಇರಬೇಕು, ಅದಕ್ಕೆ ಅಳತೆ ಯಾಕೆ ಎಂದರು ಇನ್ನು ಕೆಲವರು. ಫಾರೂಕನಿಗೆ ಚಾಳೀಸು ಬಂದು ಕಣ್ಣು ಮಂದವಾಗಿದೆ ಎಂಬ ಮಾತಿಗೆ ಹೆಚ್ಚು ಮತ ಬಿದ್ದವು.

ನಿಜ ಸಂಗತಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಬ್ಬ ಫಾರೂಕ, ಇನ್ನೊಬ್ಬ ನೊಗ ಮಾಡಿಸುತ್ತಿದ್ದ ಆಡೂರಿನ ಪರಮೇಶಪ್ಪ.

ಪರಮೇಶಪ್ಪನ ಬಳಿ ಇದ್ದದ್ದು ಒಂದೇ ಎತ್ತು. ಬೂದು ಬಣ್ಣದ್ದು, ಹೆಸರು ಮಾಸ. ಅವನ ಹೊಲದ ಪಕ್ಕದ ಗುಡ್ಡಪ್ಪನ ಬಳಿಯೂ ಒಂದೇ ಎತ್ತು. ಕೆಂಪಗಿನದು, ಹೆಸರು ಕೆಂದ. ಒಂದೆತ್ತಿನ ಮನೆಗಳು ಹೀಗೆ ಕೂಡಿಕೊಂಡು ಜೋಡಿ ಮಾಡುವುದು ಈ ಕಡೆ ಹೊಸದೇನಲ್ಲ: ಒಂದು ದಿನ ಇವನ ಹೊಲ, ಮರುದಿನ ಅವನ ಹೊಲ. ನೆಲ ಹಸನು ಮಾಡಿ, ಬಿತ್ತಿ ಹೋಗುವುದನ್ನು ಟ್ರ್ಯಾಕ್ಟರು ಮಾಡುತ್ತದೆ. ಆದರೆ ಗೋವಿನಜೋಳ ಮೊಣಕಾಲುದ್ದ ಬಂದ ಮೇಲೆ ಸಾಲುಗಳ ನಡುವೆ ಕುಂಟೆ ಎಳೆದು ಕಳೆ ಕೀಳುವುದಕ್ಕೆ ಈ ಹೊಲಗಳಲ್ಲಿ ಎತ್ತೇ ಬೇಕು. ಒಂದೆತ್ತಿನಿಂದ ಅದು ಆಗದು. ಹಾಗಾಗಿ ಪರಮೇಶಪ್ಪನೂ ಗುಡ್ಡಪ್ಪನೂ ಬಹಳ ವರ್ಷಗಳಿಂದ ಜೊತೆಯಾಗಿದ್ದರು. ಜಗಳಾಡಿದ್ದುಂಟು, ಮಾತು ಬಿಟ್ಟದ್ದುಂಟು, ಎತ್ತು ಬಿಡಿಸಿಕೊಂಡದ್ದು ಮಾತ್ರ ಇಲ್ಲ.

ಕೆಂದನಿಗೆ ವಯಸ್ಸಾಗಿತ್ತು. ಇದನ್ನು ಗುಡ್ಡಪ್ಪ ಒಪ್ಪುತ್ತಿರಲಿಲ್ಲ. ಯಾರಾದರೂ ಹಲ್ಲು ನೋಡಲು ಹೋದರೆ ಎತ್ತಿನ ಮೂಗುದಾರವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಆದರೆ ಹೋದ ವರ್ಷದಿಂದ ಸಾಲಿನ ಕೊನೆ ಮುಟ್ಟಿದಾಗಲೆಲ್ಲ ಗುಡ್ಡಪ್ಪನ ಕಾಲಿಗೆ ಮುಳ್ಳು ಚುಚ್ಚತೊಡಗಿತ್ತು. ಕುಂಟೆ ನಿಲ್ಲಿಸಿ, ಬದುವಿನ ಮೇಲೆ ಕೂತು, ಕಾಲು ಮಡಚಿ, ಬಹಳ ಹೊತ್ತು ಮುಳ್ಳು ಹುಡುಕುತ್ತಿದ್ದ. ಅಷ್ಟರಲ್ಲಿ ಕೆಂದನ ಪಕ್ಕೆ ಏರಿ ಇಳಿಯುವುದು ನಿಧಾನವಾಗುತ್ತಿತ್ತು. ಆಗ ಮುಳ್ಳೂ ಸಿಗುತ್ತಿತ್ತು. ಒಬ್ಬ ಮನುಷ್ಯನ ಪಾದದಲ್ಲಿ ಇಷ್ಟು ಮುಳ್ಳು ಹಿಡಿಸುವುದಿಲ್ಲ ಎಂದು ಪರಮೇಶಪ್ಪನಿಗೆ ತಿಳಿದಿತ್ತು. ಅವನೂ ಆ ಹೊತ್ತಿಗೆ ತಂಬಾಕಿನ ಚೀಲ ಹುಡುಕುತ್ತಿದ್ದ.

ಹಳೆಯ ನೊಗ ಬಿರುಕು ಬಿಟ್ಟಾಗ ಪರಮೇಶಪ್ಪನಿಗೆ ಒಂದು ಯೋಚನೆ ಬಂತು. ಅವರ ಒಪ್ಪಂದದಲ್ಲಿ ಕುಂಟೆ ಗುಡ್ಡಪ್ಪನದು, ನೊಗ ಇವನದು. ಹೊಸ ನೊಗದಲ್ಲಿ ಕೆಂದನ ಭಾರವನ್ನು ಸ್ವಲ್ಪ ಮಾಸನ ಕಡೆಗೆ ದಾಟಿಸಿದರೆ? ಕೋಲಿಗೆ ಕೊಡ ತೂಗುಹಾಕಿ ಇಬ್ಬರು ಹೊತ್ತಾಗ, ಕೊಡ ಯಾರ ಹತ್ತಿರ ಇರುತ್ತದೋ ಅವರ ಹೆಗಲಿಗೆ ಭಾರ ಹೆಚ್ಚು. ನೊಗದ ಲೆಕ್ಕವೂ ಅದೇ. ನೊಗದ ನಡುವೆ ಒಂದು ಕಚ್ಚು ಇರುತ್ತದೆ. ಕುಂಟೆಯ ಉದ್ದನೆಯ ಕೋಲನ್ನು ಅಲ್ಲಿಗೆ ಹಗ್ಗದಿಂದ ಬಿಗಿಯುತ್ತಾರೆ, ಎಳೆತವೆಲ್ಲ ಆ ಕಚ್ಚಿನ ಮೇಲೆಯೇ. ಆ ಕಚ್ಚಿನಿಂದ ಕೆಂದನ ಕೊರಳು ಎರಡು ಬೆರಳಿನಷ್ಟು ದೂರ ಹೋದರೂ ಸಾಕು, ಭಾರ ಮಾಸನ ಪಾಲಿಗೆ ವಾಲುತ್ತದೆ.

ಹಿಂದಿನವರು ಇದನ್ನು ಬಹಿರಂಗವಾಗಿಯೇ ಮಾಡುತ್ತಿದ್ದರು, ಎಳೆಯ ಹೋರಿಯನ್ನು ಪಳಗಿಸುವಾಗ ಅದರ ಕಡೆ ನೊಗ ಉದ್ದ ಬಿಡುತ್ತಿದ್ದರು. ಗುಡ್ಡಪ್ಪನ ಎದುರು ಹಾಗೆ ಮಾಡುವಂತಿರಲಿಲ್ಲ. ನಿನ್ನ ಎತ್ತು ಮುದಿಯಾಯಿತು ಎಂದು ಸಾರಿದ ಹಾಗಾಗುತ್ತದೆ. ಗುಡ್ಡಪ್ಪನ ಸ್ವಭಾವ ಪರಮೇಶಪ್ಪನಿಗೆ ಗೊತ್ತು: ಹಾಗೆಂದ ದಿನವೇ ಎತ್ತನ್ನು ಹಿಡಿದುಕೊಂಡು ಸವಣೂರಿನ ಸಂತೆಗೆ ಹೊರಡುತ್ತಾನೆ, ಬರುವಾಗ ಬರಿಗೈಯಲ್ಲಿ ಬರುತ್ತಾನೆ, ಬಂದವನು ಎತ್ತಿಲ್ಲದ ಮೇಲೆ ಬೇಸಾಯ ಯಾಕೆ ಎಂದು ಹೊಲವನ್ನು ಬೇರೆಯವರಿಗೆ ಉಳಲು ಕೊಡುತ್ತಾನೆ. ಆಮೇಲೆ ಮಾಸನ ಗತಿಯೇನು, ತನ್ನ ಗೋವಿನಜೋಳದ ಗತಿಯೇನು ಎಂಬುದೂ ಆ ಯೋಚನೆಯಲ್ಲಿ ಸೇರಿತ್ತು. ದಯೆ ಎಷ್ಟು, ಸ್ವಾರ್ಥ ಎಷ್ಟು ಎಂದು ಪರಮೇಶಪ್ಪ ಬೇರೆ ಮಾಡಲು ಹೋಗಲಿಲ್ಲ. ಹೊಲಮನೆಯವರಿಗೆ ಅಷ್ಟು ಪುರುಸೊತ್ತಿರುವುದಿಲ್ಲ.

ಆಡೂರಿನಲ್ಲಿಯೇ ಬಡಿಗ ಹುಚ್ಚಪ್ಪನಿದ್ದ. ಕೈ ಒಳ್ಳೆಯದು. ಆದರೆ ಹುಚ್ಚಪ್ಪನ ಬಾಚಿಯ ಸದ್ದು ಮುಂದಿನ ಮನೆಗೆ ಮುಟ್ಟುವುದರೊಳಗೆ ಅವನ ಮಾತು ಓಣಿ ದಾಟಿರುತ್ತದೆ. ಅದಕ್ಕೇ ಪರಮೇಶಪ್ಪ ಬಸ್ಸು ಹತ್ತಿ ಅಕ್ಕಿಆಲೂರಿಗೆ ಬಂದದ್ದು. ಫಾರೂಕ ಮೊದಲು ಒಲ್ಲೆನೆಂದ. ತಾನು ಬಾಗಿಲು ಮಾಡುವವನು, ನೊಗದ ಹದ ತನಗೆ ತಿಳಿಯದು ಎಂದ. ಪರಮೇಶಪ್ಪ ಎಲ್ಲ ಬಿಡಿಸಿ ಹೇಳಿದ ಮೇಲೆ ಅವನ ಮುಖಚರ್ಯೆ ಬದಲಾಯಿತು.

“ಸೊಟ್ಟ ಮಾಡೋದೇನ ದೊಡ್ಡದಲ್ರಿ ಕಾಕಾರ,” ಎಂದ. “ಸೊಟ್ಟ ಮಾಡಿ ನೆಟ್ಟಗ ಕಾಣಂಗ ಮಾಡಬೇಕಲ್ಲ, ಅದು ನೋಡ್ರಿ ಮಜಾ.”

ಮಜಾ ಎಂದದ್ದು ಸುಳ್ಳಲ್ಲ. ಆಮೇಲಿನ ದಿನಗಳಲ್ಲಿ ಒಬ್ಬರ ಮದುವೆ ಮಂಚ ಹಾಗೆಯೇ ನಿಂತಿತು.

ಕಷ್ಟ ಇದ್ದದ್ದು ಗುಡ್ಡಪ್ಪನ ಗೇಣಿನಲ್ಲಿ. ಗುಡ್ಡಪ್ಪ ಯಾವ ಹೊಸ ವಸ್ತು ಕಂಡರೂ ಗೇಣು ಹಾಕಿ ನೋಡುವವನು. ಫಾರೂಕನ ಬಳಿ ಒಮ್ಮೆ ಬಾಗಿಲು ಮಾಡಿಸಿದಾಗ ಮೂಲೆಯಿಂದ ಮೂಲೆಗೆ ಗೇಣು ಹಾಕಿದ್ದ. ಮಗಳ ಮದುವೆಯಲ್ಲಿ ಹಂದರದ ಕಂಬಗಳ ನಡುವೆಯೂ ಹಾಕಿದ್ದನಂತೆ. ನೊಗ ಬಂದರೆ ನಡುವಿನ ಕಚ್ಚಿನಿಂದ ಈ ತುದಿಗೆ ಎಷ್ಟು, ಆ ತುದಿಗೆ ಎಷ್ಟು ಎಂದು ನೋಡದೆ ಬಿಡುವವನಲ್ಲ. ಆದ್ದರಿಂದ ಫಾರೂಕ ಎರಡು ತುದಿಗಳನ್ನೂ ಕಚ್ಚಿನಿಂದ ಸಮವಾಗಿಯೇ ಇಟ್ಟ. ಸರಿಸಿದ್ದು ಕೊರಳಿನ ಜಾಗವನ್ನು, ಅದೂ ಕೆಂದನ ಕಡೆಯದನ್ನು ಮಾತ್ರ, ಎರಡು ಬೆರಳು ಹೊರಕ್ಕೆ. ಕೊರಳಿನ ಆಚೆ ಉಳಿಯುವ ತುದಿ ಆ ಕಡೆ ಅಷ್ಟೇ ಗಿಡ್ಡವಾಯಿತು. ಈ ಮೋಸವನ್ನು ಕಣ್ಣಿಗೆ ಬೀಳದಂತೆ ಮುಚ್ಚಬೇಕಿತ್ತು.

ಬಾಚಿ ಉಳಿಗಳಿಂದ ಅದನ್ನು ಮುಚ್ಚಲಾಗದು. ಬಾಚಿ ಕೆತ್ತಿದಲ್ಲಿ ಅಂಚು ಬೀಳುತ್ತದೆ. ಅಂಚು ಬಿದ್ದಲ್ಲಿ ಕಣ್ಣು ನಿಲ್ಲುತ್ತದೆ. ಕಣ್ಣು ನಿಂತಲ್ಲಿಂದ ಅಳತೆ ಶುರುವಾಗುತ್ತದೆ. ಪಟ್ಟಾ ಮಷೀನಿಗೆ ಅಂಚು ಗೊತ್ತಿಲ್ಲ. ಫಾರೂಕ ನೊಗವನ್ನು ಮೇಜಿನ ಇಕ್ಕಳದಲ್ಲಿ ಬಿಗಿದು, ದಪ್ಪ ಕಾಳಿನ ಉಪ್ಪುಕಾಗದದ ಪಟ್ಟಿ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತ ಮಷೀನನ್ನು ನಡೆಸುತ್ತಿದ್ದ. ಕೊರಳಿನ ತಗ್ಗು ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ತೋರದ ಹಾಗೆ ಇಳಿಜಾರನ್ನು ಉದ್ದುದ್ದ ಎಳೆದ. ಗಿಡ್ಡ ತುದಿಯನ್ನು ತೆಳ್ಳಗೆ ಸಾಗಿಸಿ ಉದ್ದವೆನ್ನಿಸಿದ. ಉದ್ದ ತುದಿಯನ್ನು ಗುಂಡಗೆ ಮುಗಿಸಿ ಗಿಡ್ಡವೆನ್ನಿಸಿದ. ನಡುನಡುವೆ ಮಷೀನು ನಿಲ್ಲಿಸಿ, ಕಣ್ಣು ಮುಚ್ಚಿ, ಅಂಗೈಯನ್ನು ನೊಗದ ಉದ್ದಕ್ಕೂ ಸವರುವನು. ಎಲ್ಲಿಯೋ ಅಂಗೈ ತಡೆದರೆ ಮತ್ತೆ ಮಷೀನು. ಕಟ್ಟಿಗೆಯ ಪುಡಿ ಬೆಂಚಿನವರ ಹೆಗಲ ಮೇಲೂ ಬೀಳುತ್ತಿತ್ತು. ಕೊಡವಿಕೊಂಡು ಎದ್ದು ಹೋಗಬಹುದಾಗಿತ್ತು. ಯಾರೂ ಹೋಗಲಿಲ್ಲ. ಮಹಾಲಿಂಗಪ್ಪ ಎರಡು ದಿನ ಸುಮ್ಮನೆ ನೋಡಿ, ಮೂರನೆಯ ದಿನ ತನ್ನ ಕನ್ನಡಕ ಒರೆಸಿಕೊಂಡು, ಮೊದಲು ತಾನೇ ತಪ್ಪು ನೋಡಿದ್ದಿರಬೇಕು, ನೊಗ ಸರಿಯಾಗಿಯೇ ಇದೆ ಎಂದ. ಫಾರೂಕನಿಗೆ ಅಂದು ಸಿಕ್ಕಷ್ಟು ಸಂತೋಷ ಯಾವ ಮಂಚದಿಂದಲೂ ಸಿಕ್ಕಿರಲಿಲ್ಲ.

ಚಹಾ ತಂದ ಹೆಂಡತಿ ಶಬೀನಾಳಿಗೂ ಪರೀಕ್ಷೆ ಒಡ್ಡಿದ. ಯಾವ ಕಡೆ ದೂರ ಇದೆ ಹೇಳು ಎಂದ. ಅವಳು ದೂರ ನಿಂತು ನೋಡಿದಳು, ಹತ್ತಿರ ಬಂದು ಮುಟ್ಟಿದಳು, ಮಾಸನ ಕಡೆ ತೋರಿಸಿದಳು. ಫಾರೂಕ ನಕ್ಕ. ಅವಳು ನಗಲಿಲ್ಲ.

“ಮನ್ಯಾಗ ಇರೋ ನನಗ ಗೊತ್ತಾಗಲಿಲ್ಲ ಅಂದ್ರ, ಆ ಕಾಕಾಗ ಹೆಂಗ ಗೊತ್ತಾಗಬೇಕು, ಯಾವ ಕಡಿ ಯಾವ ಎತ್ತಿಗಂತ?”

ಅದಕ್ಕೂ ಉತ್ತರವಿತ್ತು. ಕೆಂದನ ಕಡೆ ಕಟ್ಟಿಗೆಯಲ್ಲಿ ಕಣ್ಣಿನಂಥದೊಂದು ಕಪ್ಪು ಗಂಟು ಮೂಡಿತ್ತು. ಗಂಟಿನ ಕಡೆ ಕೆಂದ. ಪರಮೇಶಪ್ಪ ನೊಗ ಒಯ್ಯಲು ಬಂದಾಗ ಫಾರೂಕ ಇಷ್ಟನ್ನೇ ಹೇಳಿ ಕಳಿಸಿದ. ಉಳಿದ ಗುಟ್ಟುಗಳು ಅವನಿಗೆ ಯಾಕೆ ಎಂದು ಬಿಟ್ಟ.

ಆಡೂರಿನಲ್ಲಿ ಗುಡ್ಡಪ್ಪ ನೊಗವನ್ನು ದನದ ಕೊಟ್ಟಿಗೆಯ ಮುಂದೆ ಮಲಗಿಸಿ, ನಡುವಿನ ಕಚ್ಚಿನಿಂದ ಆ ತುದಿಗೆ ಒಮ್ಮೆ, ಈ ತುದಿಗೆ ಒಮ್ಮೆ ಗೇಣು ಹಾಕಿದ. ಸಮ ಬಂತು. ಚಲೋ ಮಾಡಿದ್ದಾನೆ ಎಂದ. ಅವನ ಬಾಯಲ್ಲಿ ಇಂಥ ಮಾತು ಬರುವುದು ಅಪರೂಪ. ಪರಮೇಶಪ್ಪ ಅಂದು ರಾತ್ರಿ ನಿಶ್ಚಿಂತೆಯಿಂದ ಉಂಡ.

ಎರಡು ದಿನ ಬಿಟ್ಟು ಬೆಳಿಗ್ಗೆ ಹೊಲಕ್ಕೆ ಹೋಗಿ ನೋಡಿದರೆ ನೊಗ ನೀಲಿ ಬಣ್ಣಕ್ಕೆ ತಿರುಗಿತ್ತು. ಹೊಸ ನೊಗ ಬಂದ ಸಂಭ್ರಮಕ್ಕೆ ಗುಡ್ಡಪ್ಪ ಪೂಜೆಗೆ ಮುಂಚೆ, ಮನೆಯಲ್ಲಿ ಕಿಟಕಿಗೆ ಹಚ್ಚಿ ಉಳಿದಿದ್ದ ಎಣ್ಣೆಬಣ್ಣವನ್ನು ಅದಕ್ಕೆ ಬಳಿದಿದ್ದ. ಎರಡು ಸಲ ಬಳಿದಿದ್ದ. ಎರಡೂ ತುದಿಗೆ ಹಳದಿ ಪಟ್ಟಿ, ಮೇಲೆ ವಿಭೂತಿ. ಗಂಟು ಎಲ್ಲಿಯೂ ಇರಲಿಲ್ಲ. ಅಷ್ಟೇ ಅಲ್ಲ, ನೊಗ ಆಗಲೇ ಎತ್ತುಗಳ ಕೊರಳೇರಿತ್ತು. ಹೂಡುವ ಕೆಲಸ ಯಾವತ್ತಿಗೂ ಗುಡ್ಡಪ್ಪನದೇ, ಆ ದಿನವೂ ಅವನೇ ಹೂಡಿ ನಿಲ್ಲಿಸಿದ್ದ.

ಗಂಟು ಯಾವ ಕಡೆ ಹೋಯಿತು? ಪರಮೇಶಪ್ಪ ಎರಡು ಎತ್ತುಗಳ ಮುಂದೆ ನಿಂತು ನೋಡಿದ, ಹಿಂದೆ ನಿಂತು ನೋಡಿದ. ಅಂಗೈಯಿಂದ ಅಳೆಯೋಣವೆಂದರೆ ಗುಡ್ಡಪ್ಪ ಪಕ್ಕದಲ್ಲಿಯೇ ಇದ್ದ. ಸಂಜೆ ನೊಗ ಮರಳಿ ಗುಡ್ಡಪ್ಪನ ಕೊಟ್ಟಿಗೆಗೆ ಹೋಗುತ್ತಿತ್ತು. ಫಾರೂಕನ ಕೈಚಳಕ ಪರಮೇಶಪ್ಪನಿಗೆ ಈಗ ಸಂಪೂರ್ಣ ಅರ್ಥವಾಯಿತು. ದೇವರು ದೊಡ್ಡವನು, ಸರಿಯಾಗಿಯೇ ಬಿದ್ದಿರುತ್ತದೆ ಎಂದು ಸುಮ್ಮನಾದ.

ದೇವರು ಅಷ್ಟು ಸಣ್ಣ ಕೆಲಸಕ್ಕೆ ಇಳಿದಿರಲಿಲ್ಲ. ಆ ವಾರ ಗುಡ್ಡಪ್ಪನ ಕಾಲಿನ ಮುಳ್ಳುಗಳು ಸಾಲಿನ ಕೊನೆಗೆ ಕಾಯದೆ ಸಾಲಿನ ನಡುವೆಯೇ ಚುಚ್ಚತೊಡಗಿದವು. ಕೆಂದ ಹೊಸ ನೊಗಕ್ಕೆ ಹೊಂದಿಕೊಳ್ಳುತ್ತಿರಬೇಕು ಎಂದು ಪರ‌ಮೇಶಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಕೊನೆಗೆ ಸಂದೇಹ ಪರಿಹರಿಸಿದವಳು ಅವನ ಹೆಂಡತಿ ಸರೋಜವ್ವ. ಅವಳಿಗೆ ನೊಗದ ವಿಷಯ ಏನೂ ಗೊತ್ತಿರಲಿಲ್ಲ. ಮಾಸ ಸಂಜೆ ಹೊಲದಿಂದ ಬಂದವನು ದಣಿದು ಮಲಗುವ ಬದಲು ಕಣ್ಣಿ ಕಿತ್ತುಕೊಂಡು, ಬಣವೆಗೆ ಹೊಕ್ಕು, ಅವಳು ಒಣಹಾಕಿದ್ದ ಹಪ್ಪಳವನ್ನೂ ತುಳಿದಿದ್ದ.

“ಹೊಸ ನೊಗ ಬಂದಾಗಿಂದ ನಮ್ಮ ಮಾಸ್ಯಾಗ ಹರೇ ಬಂದಂಗ ಆಗೇತಿ ನೋಡ್ರಿ,” ಎಂದಳು.

ಪರಮೇಶಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಮರಳಿ ಇಟ್ಟ. ನೊಗ ತಿರುಗುಮುರುಗಾಗಿತ್ತು. ಹರೆಯದ ಎತ್ತಿಗೆ ಸುಖ, ಮುದಿ ಎತ್ತಿಗೆ ಭಾರ. ಅದೂ ಅವನೇ ಹೇಳಿ ಮಾಡಿಸಿದ ಭಾರ.

ಮರುದಿನ ಮೊದಲ ಬಸ್ಸಿಗೆ ಅವನು ಫಾರೂಕನ ಅಂಗಡಿಯಲ್ಲಿದ್ದ. ಅವನಿಗೆ ಬೇಕಾದದ್ದು ಒಂದು ನೆಪ. ಹೊಸ ಕಟ್ಟಿಗೆಯನ್ನು ಆಗಾಗ ತಿರುವಿ ಹಾಕಬೇಕು, ಇಲ್ಲದಿದ್ದರೆ ಬಾಗುತ್ತದೆ ಎಂದು ಬಡಿಗನೇ ಹೇಳಿದ್ದಾನೆ ಎಂದರೆ ಗುಡ್ಡಪ್ಪ ನಂಬಬಹುದೇ? ಫಾರೂಕ ಅದನ್ನು ಇನ್ನಷ್ಟು ಚೆಂದ ಮಾಡಿ ಹೇಳಿಕೊಡುತ್ತಿದ್ದ. ಬಿಸಿಲಿಗೆ ಒಡ್ಡಿದ ಕಡೆ, ನೆರಳಿನ ಕಡೆ ಎಂದೇನೋ ಸೇರಿಸುತ್ತಿದ್ದ. ಅಷ್ಟರಲ್ಲಿ ಆಡೂರಿನ ಎರಡನೆಯ ಬಸ್ಸು ಬಂದು ನಿಂತಿತು. ಬಾಗಿಲಿನಿಂದ ಮೊದಲು ಒಂದು ಹಳದಿ ತುದಿ ಹೊರಬಂತು, ಆಮೇಲೆ ನೀಲಿ, ಆಮೇಲೆ ನೊಗ ಹೊತ್ತ ಗುಡ್ಡಪ್ಪ. ಒಳಗಿನಿಂದ ಕಂಡಕ್ಟರು, ಮುಂದಿನ ಸಲ ಎತ್ತನ್ನೂ ಹತ್ತಿಸಿಕೊಂಡು ಬರ್ರಿ ಎಂದು ಗೊಣಗುತ್ತಿದ್ದ.

ಗುಡ್ಡಪ್ಪ ಪರಮೇಶಪ್ಪನನ್ನು ನೋಡಿದ. ಆಶ್ಚರ್ಯಪಡಲಿಲ್ಲ, ಇದ್ದ ಅನುಮಾನ ಖಾತ್ರಿಯಾದವನಂತೆ ತಲೆ ಆಡಿಸಿದ. ಬೆಂಚಿನ ಮೇಲಿದ್ದವರು ಹೇಳಿಸಿಕೊಳ್ಳದೆಯೇ ಎದ್ದು ಜಾಗ ಬಿಟ್ಟರು. ಅವನು ನೊಗವನ್ನು ಬೆಂಚಿನ ಮೇಲೆ ಮಲಗಿಸಿ ಟವೆಲಿನೊಳಗಿಂದ ಹಗ್ಗದ ತುಂಡೊಂದನ್ನು ತೆಗೆದ. ಹಿಂದಿನ ಸಂಜೆ ಕೊರಳಪಟ್ಟಿಗೆ ಹೊಸ ಹಗ್ಗ ಕತ್ತರಿಸುವಾಗ ಒಂದೇ ಅಳತೆಯ ಹಗ್ಗ ಒಂದು ಕಡೆ ಮುಟ್ಟಿತ್ತು, ಇನ್ನೊಂದು ಕಡೆ ಮುಟ್ಟಿರಲಿಲ್ಲ. ಈಗ ಎಲ್ಲರ ಎದುರು ಅದನ್ನೇ ಮಾಡಿ ತೋರಿಸಿದ. ಕಚ್ಚಿನಿಂದ ಮಾಸನ ಕೊರಳಿಗೆ ಹಗ್ಗ ಹಿಡಿದ, ಗುರುತು ಮಾಡಿದ. ಅದನ್ನೇ ಕೆಂದನ ಕಡೆಗೆ ತಂದ. ಹಗ್ಗ ಎರಡು ಬೆರಳು ಹೆಚ್ಚಾಯಿತು. ಕೆಂದನ ಕೊರಳು ಕಚ್ಚಿಗೆ ಅಷ್ಟು ಹತ್ತಿರ. ಭಾರವೆಲ್ಲ ಅದರ ಮೇಲೆ.

“ಕೈ ತಪ್ಪಿ ಆಗಿದ್ರ ತಿಳೀತಿತ್ತು,” ಎಂದ ಗುಡ್ಡಪ್ಪ. ದನಿ ಏರಿಸಲಿಲ್ಲ. “ಇದು ಕೈ ತಪ್ಪಿ ಆಗಿದ್ದಲ್ಲ. ನನ್ನ ಗೇಣಿಗೂ ಸಿಗದಂಗ ಮಾಡ್ಯಾರ. ಕಳವು ಮಾಡೋರೂ ಇಷ್ಟ ಚಂದ ಮಾಡಂಗಿಲ್ಲ.”

ಆಮೇಲೆ ಪರಮೇಶಪ್ಪನ ಕಡೆ ತಿರುಗಿ, ನಾಳೆಯಿಂದ ನಿನ್ನ ಎತ್ತು ನಿನಗೆ, ನನ್ನ ಎತ್ತು ನನಗೆ ಎಂದ. ಕೆಂದನನ್ನು ಸವಣೂರಿಗೆ ಹೊಡೆದುಕೊಂಡು ಹೋಗುತ್ತೇನೆ, ಹೊಲ ಬೇರೆಯವರಿಗೆ ಕೊಡುತ್ತೇನೆ ಎಂದ. ಪರಮೇಶಪ್ಪ ಯಾವುದಕ್ಕೆ ಹೆದರಿ ಈ ನೊಗ ಮಾಡಿಸಿದ್ದನೋ ಅದಷ್ಟನ್ನೂ ನೊಗವೇ ತಂದು ಎದುರಿಗೆ ನಿಲ್ಲಿಸಿತ್ತು.

ನಿಜ ಹೇಳಿದರೆ ಮುಗಿಯುತ್ತಿತ್ತು. ಆದರೆ ನಿಜವೆಂದರೆ, ನಿನ್ನ ಎತ್ತಿಗೆ ಕೈಲಾಗುವುದಿಲ್ಲ ಎಂಬುದು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ, ಇಷ್ಟು ಜನರ ಎದುರು, ಗುಡ್ಡಪ್ಪನ ಮುಖಕ್ಕೆ ಹೇಳಬೇಕು.

“ಹೌದಪಾ. ನಾನ ಮಾಡಿಸಿದ್ದು,” ಎಂದ ಪರಮೇಶಪ್ಪ. “ತಪ್ಪಾತು.”

ಬೆಂಚಿನವರು ಉಸಿರು ಬಿಟ್ಟರು. ಮಹಾಲಿಂಗಪ್ಪನ ಮುಖದಲ್ಲಿ, ಮೊದಲ ದಿನ ತಾನು ಕಂಡದ್ದೇ ಸರಿ ಎಂಬ ಬೆಳಕು ಮೂಡಿತು.

ಇಷ್ಟಕ್ಕೇ ಎಲ್ಲ ಮುಗಿಯುತ್ತಿತ್ತೋ ಏನೋ. ಆದರೆ ಫಾರೂಕನಿಗೆ ತಡೆಯಲಾಗಲಿಲ್ಲ. ಪರಮೇಶಪ್ಪ ಕಳ್ಳನೆನ್ನಿಸಿಕೊಂಡದ್ದು ಅವನಿಗೆ ಕೆಡುಕೆನ್ನಿಸಿತೇನೋ. ಅದಕ್ಕಿಂತ ಹೆಚ್ಚಾಗಿ, ತಾನು ಅಷ್ಟು ದಿನ ಕಣ್ಣು ಮುಚ್ಚಿ ಸವರಿ ಮಾಡಿದ ವಸ್ತುವನ್ನು ತಿರುಗುಮುರುಗಾಗಿ ಹೂಡಿ, ಅದು ಹೀಗೇ ಇರಬೇಕಾದದ್ದು ಎಂದು ಎಲ್ಲರೂ ನಂಬಿ ಹೋಗುವುದು ಅವನಿಂದ ಸಹಿಸಲಾಗದ ಮಾತಾಗಿತ್ತು.

“ನೀವು ತಿರುವಿ ಹೂಡೀರಿ ಗುಡ್ಡಪ್ಪ ಕಾಕಾರ. ಈ ತೆಳ್ಳನ ತುದಿ ಐತಲ್ರಿ, ಇದು ಕೆಂದ್ಯಾನ ಕಡಿ ಬರಬೇಕು. ಅದರ ಸಲುವಾಗಿ ಮಾಡಿದ್ದು.”

ಗುಡ್ಡಪ್ಪ ಅವನನ್ನೇ ನೋಡಿದ. ಫಾರೂಕ ಮುಂದುವರಿಸಿದ: ಮಾಸನಿಗೆ ಸಲೀಸಾಗಲಿ ಎಂದು ಮಾಡಿಸಿದ್ದರೆ ಈ ಕಾಕಾ ಬೆಳಿಗ್ಗೆ ಎದ್ದು ಇಲ್ಲಿಗೆ ಯಾಕೆ ಓಡಿಬರುತ್ತಿದ್ದರು? ಅದು ಆಗಲೇ ಸಲೀಸಾಗಿದೆಯಲ್ಲ. ನೊಗ ತಿರುವಿ ಹಾಕಿಸಲು ಒಂದು ಸುಳ್ಳು ಹೇಳಿಕೊಡು ಎಂದು ಕೂತಿದ್ದರು, ನೀವು ಬಂದಾಗ ಅರ್ಧ ಸುಳ್ಳು ತಯಾರಾಗಿತ್ತು.

ಗುಡ್ಡಪ್ಪ ಹಗ್ಗದ ತುಂಡನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತ. ನೊಗವನ್ನು ಮನಸ್ಸಿನಲ್ಲಿಯೇ ತಿರುವಿ ಹೂಡಿ ನೋಡುತ್ತಿದ್ದನೆಂದು ಕಾಣುತ್ತದೆ. ತಾನೇ ಬಣ್ಣ ಬಳಿದದ್ದು, ತಾನೇ ಹೂಡಿದ್ದು, ಒಂದು ವಾರ ಕೆಂದನ ಕೊರಳಿಗೆ ಆ ಭಾರ ಹೊರಿಸಿದ್ದು, ಎಲ್ಲ ಒಂದೊಂದಾಗಿ ಅವನ ಮುಖದಲ್ಲಿ ಹಾದು ಹೋಯಿತು. ಕೊನೆಗೆ ಕೇಳಿದ ಮಾತು ಬಹಳ ಮೆಲ್ಲಗಿತ್ತು.

“ಕೆಂದ್ಯಾಗ ಆಗೂದಿಲ್ಲಂತ ನಿನಗ ಯಾರ ಹೇಳಿದ್ರು ಪರಮೇಶಿ?”

“ನಿನ್ನ ಕಾಲಾನ ಮುಳ್ಳ,” ಎಂದ ಪರಮೇಶಪ್ಪ.

ಬೆಂಚಿನವರಿಗೆ ಇದು ಅರ್ಥವಾಗಲಿಲ್ಲ. ಅವರು ಗುಡ್ಡಪ್ಪನ ಕಾಲು ನೋಡಿದರು. ಗುಡ್ಡಪ್ಪ ಮಾತ್ರ ಬೆಂಚಿನ ತುದಿಯಲ್ಲಿ, ನೊಗದ ಪಕ್ಕದಲ್ಲಿ ಕೂತುಕೊಂಡ. ಶಬೀನಾ ಒಳಗಿನಿಂದ ನೀರು ತಂದು ಕೊಟ್ಟಳು. ಕುಡಿದ. ಆಡೂರಿಗೆ ಮರಳುವ ಬಸ್ಸಿನ ಡ್ರೈವರು ಹಾರ್ನ್ ಹೊಡೆದ, ಯಾರೂ ಏಳದಿದ್ದುದನ್ನು ನೋಡಿ ತಾನೇ ಇಳಿದು ಬಂದು ನಿಂತ.

ಗುಡ್ಡಪ್ಪ ಗೇಣು ಹಾಕಲಿಲ್ಲ. ತೆಳ್ಳನೆಯ ತುದಿಯ ಕಡೆ, ಕೊರಳು ಕೂರುವ ತಗ್ಗಿನಲ್ಲಿ ಅಂಗೈ ಇಟ್ಟು ಮೆಲ್ಲಗೆ ಹಿಂದೆ ಮುಂದೆ ಆಡಿಸಿದ. ನೀಲಿ ಬಣ್ಣ ಅಲ್ಲಿ ಆಗಲೇ ಉಜ್ಜಿ ಹೋಗಿ ಕಟ್ಟಿಗೆ ಕಾಣುತ್ತಿತ್ತು.

“ಎರಡ ಬೆರಳ ಸಾಲಂಗಿಲ್ಲ ಫಾರೂಕ,” ಎಂದ. “ಇನ್ನೊಂದ ಬೆರಳ ಸರಸು.”

ಫಾರೂಕ ನೊಗ ನೋಡಿ ತಲೆ ಕೆರೆದುಕೊಂಡ. ನಡುವಿನ ಕಚ್ಚನ್ನು ಮಾಸನ ಕಡೆಗೆ ಒಂದು ಬೆರಳು ಅಗಲ ಮಾಡಿದರೆ ಹಗ್ಗ ಅತ್ತ ಸರಿದು ಕೂರುತ್ತದೆ, ಮಷೀನಿಗೆ ಅದೇನು ದೊಡ್ಡ ಕೆಲಸವಲ್ಲ. “ಆದ್ರ ಇನ್ನ ಮುಚ್ಚಾಕ ಬರಂಗಿಲ್ರಿ. ನೋಡಿದವ್ರಿಗೆಲ್ಲ ಸೊಟ್ಟ ಐತಂತ ಕಾಣ್ತೈತಿ.”

“ಕಾಣ್ಲಿ,” ಎಂದ ಗುಡ್ಡಪ್ಪ.

ಇದುವರೆಗೆ ಕಳ್ಳನೆನ್ನಿಸಿಕೊಂಡರೂ ಎದುರಾಡದೆ ತಪ್ಪು ಒಪ್ಪಿಕೊಂಡಿದ್ದ ಪರಮೇಶಪ್ಪ ಈಗ ಮುಂದೆ ಬಂದ.

“ಇನ್ನೊಂದ ಪೂರಾ ಬೆರಳ ಯಾಕಪಾ? ನಮ್ಮ ಮಾಸ್ಯಾ ಏನ ಆನೀ ಏನ? ಅರ್ಧ ಮಾಡು.”

“ಒಂದ ವಾರ ನಿನ್ನ ಮಾಸ್ಯಾ ಹೊಲದಾಗ ಅಡ್ಡಾಡಿ ಬಂದಾನ. ಅದರ ಬಾಕಿ ಹಿಡೀಬೇಕಿಲ್ಲೇನು?”

“ತಿರುವಿ ಹೂಡಿದಾಂವ ನೀನ. ಬಾಕಿ ನನ್ನ ಎತ್ತ ತೀರಸಬೇಕೇನು?”

ಗುಡ್ಡಪ್ಪ ಎದ್ದು ನಿಂತ. ಮಾಸ ತಿನ್ನುವ ಹಿಂಡಿಯ ಮಾತು ತೆಗೆದ. ಪರಮೇಶಪ್ಪ ಅವನ ಕುಂಟೆಯ ಸವೆದ ಅಲಗಿನ ಮಾತು ತೆಗೆದ. ಮಹಾಲಿಂಗಪ್ಪ ನಡುವೆ ಬಂದು ಮುಕ್ಕಾಲು ಬೆರಳಿಗೆ ರಾಜಿ ಮಾಡಿಸಲು ನೋಡಿದ, ಇಬ್ಬರೂ ಕೂಡಿ ಅವನನ್ನು ಸುಮ್ಮನೆ ಕೂಡಿಸಿದರು. ಬಸ್ಸಿನ ಡ್ರೈವರು ತನ್ನ ಅಜ್ಜನ ಕಾಲದಲ್ಲಿ ಬೆರಳು ಎಂದರೆ ಎಷ್ಟು ದಪ್ಪ ಎಂದು ವಿವರಿಸತೊಡಗಿದ.

ಫಾರೂಕ ಮಷೀನಿಗೆ ದಪ್ಪ ಕಾಳಿನ ಪಟ್ಟಿ ಏರಿಸಿದ. ನೊಗವನ್ನು ಇಕ್ಕಳದಲ್ಲಿ ಬಿಗಿದ. ಆಮೇಲೆ ಪೆನ್ಸಿಲನ್ನು ಕಚ್ಚಿನ ಅಂಚಿಗೆ ಹಿಡಿದು, ಗೆರೆ ಎಲ್ಲಿ ಎಳೆಯಬೇಕೆಂದು ಅವರಿಬ್ಬರೂ ಹೇಳುವವರೆಗೆ ಕಾಯುತ್ತ ನಿಂತ.